ಬೀಗರಿಗೆ ಕೊಟ್ಟ ಸಾಕೆಟ್ ಸೆಟ್

ನಾನು ಪುಕ್ಕಲು ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ ಹಗುರ. ಕುಕ್ಕರ್ ಎರಡನೆಯ ಸೀಟಿ ಹೊಡೆಯುವಷ್ಟರಲ್ಲಿ ನಾನು ಅಡುಗೆಮನೆಯಿಂದ ಹೊರಗೆ ಬಂದಿರುತ್ತೇನೆ. ಬಲೂನಿಗೆ ಗಾಳಿ ತುಂಬುವವನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ವಿಚಿತ್ರವೆಂದರೆ ಹೊಸಪೇಟೆಯಲ್ಲಿ ನಮ್ಮದು ಸ್ಟೀಲ್ ಪಾತ್ರೆ ಅಂಗಡಿ, ದಿನಕ್ಕೆರಡು ಕುಕ್ಕರನ್ನಾದರೂ ನಾನೇ ಮಾರುತ್ತೇನೆ. "ಸಿಡಿಯಂಗಿಲ್ಲ ಹೌದಲ್ರಿ?" ಎಂದು ಗಿರಾಕಿ ಕೇಳಿದಾಗ ಗಂಭೀರವಾಗಿ ತಲೆಯಾಡಿಸುವುದನ್ನು ಕಲಿತಿದ್ದೇನೆ.

ಆದರೆ ಇವೆಲ್ಲ ಚಿಲ್ಲರೆ ಭಯಗಳು. ನಿಜವಾದ ಭಯ ಏನೆಂದು ನನಗೆ ಕಲಿಸಿದ್ದು ಒಂದು ಸಾಕೆಟ್ಟು. ಗೋಡೆಯ ಮೇಲಿರುವ ಕರೆಂಟಿನ ಸಾಕೆಟ್ಟಲ್ಲ, ಮೆಕ್ಯಾನಿಕ್‌ಗಳು ನಟ್ಟಿನ ತಲೆಯ ಮೇಲೆ ಟೋಪಿಯಂತೆ ಕೂರಿಸಿ ತಿರುಗಿಸುತ್ತಾರಲ್ಲ, ಅದು. ಪಾತ್ರೆ ವ್ಯಾಪಾರಿಯ ಕಣ್ಣಿಗೆ ಅದು ತಳದಲ್ಲಿ ಚೌಕದ ತೂತಿರುವ ಒಂದು ಕುಳ್ಳ ಲೋಟ. ನಾನು ಕೆಟ್ಟದ್ದು ಅದನ್ನು ಲೋಟವೆಂದು ನೋಡಿದ್ದರಿಂದಲೇ.

ನನ್ನ ಮಗಳು ಶೈಲಾಳನ್ನು ಸಂಡೂರಿಗೆ ಕೊಟ್ಟು ಮೂರು ವರ್ಷವಾಯಿತು. ಅವಳ ಮಾವ ಎರ್ರಿಸ್ವಾಮಿಯವರು ಅದಿರು ಲಾರಿಗಳ ರಿಪೇರಿಯಲ್ಲಿ ಹೆಸರು ಮಾಡಿದವರು. ದೂರದಿಂದ ಬರುವ ಟಿಪ್ಪರಿನ ಸದ್ದು ಕೇಳಿಯೇ ಅದರ ಯಾವ ಕಾಲು ನೋಯುತ್ತಿದೆ ಎಂದು ಹೇಳಬಲ್ಲರು ಎಂದು ಅಲ್ಲಿನ ಡ್ರೈವರುಗಳು ನಂಬಿದ್ದಾರೆ. ಈ ವರ್ಷ ಅವರು ಮನೆಯ ಪಕ್ಕದಲ್ಲೇ ದೊಡ್ಡದೊಂದು ಶೆಡ್ಡು ಹಾಕಿ, ಗಾಳಿಯ ಒತ್ತಡದಲ್ಲಿ ನಟ್ಟು ಬಿಚ್ಚುವ ಹೊಸ ಗನ್ ತರಿಸಿದರು. ಶೆಡ್ಡಿನ ಪೂಜೆಗೆ ನಮಗೂ ಕರೆ ಬಂತು. ಬರಿಗೈಯಲ್ಲಿ ಹೋಗುವಂತಿಲ್ಲ. ಹೆಂಡತಿ ಬೆಳ್ಳಿ ದೀಪ ಎಂದಳು, ನಾನು ಉಪಯೋಗಕ್ಕೆ ಬರುವಂಥದ್ದು ಎಂದೆ. ಆ ದಿನ ಅವಳ ಮಾತು ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಬೀಗರು ಎಂಬ ಸಂಬಂಧದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಬೀಗರ ಮನೆಯಲ್ಲಿ ಏನು ಬೇಕಾದರೂ ಹೇಳಬಹುದು, ನಿಜವೊಂದನ್ನು ಬಿಟ್ಟು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಬೀಗರ ಮನೆಯಲ್ಲಿ ಬಾಯಿಬಿಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ. ಅದೇ ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಂಡು, ಆಮೇಲೆ ಇಡೀ ಮಧ್ಯಾಹ್ನ ನೀರು ಕುಡಿದವರನ್ನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಹಾರ್ಡ್‌ವೇರ್ ಅಂಗಡಿಯವನು ನನ್ನ ಮುಂದೆ ಎರಡು ಪೆಟ್ಟಿಗೆ ತೆರೆದಿಟ್ಟ. ಒಂದರಲ್ಲಿ ಕಪ್ಪು ಸಾಕೆಟ್ಟುಗಳು, ಹೊಳಪಿಲ್ಲ, ರೂಪವಿಲ್ಲ, ಹಳೆಯ ಹಂಚಿನ ಬಣ್ಣ. ಇನ್ನೊಂದರಲ್ಲಿ ಫಳಫಳ ಹೊಳೆಯುವ ಬಿಳಿಯವು. ನನ್ನ ವೃತ್ತಿಯ ವಿದ್ಯೆಯೆಲ್ಲ ಜಾಗೃತವಾಯಿತು. ಬಿಳಿಯದೊಂದನ್ನು ಎತ್ತಿ ಮುಖ ನೋಡಿಕೊಂಡೆ, ಮೀಸೆಯ ಬಿಳಿ ಕೂದಲೂ ಕಂಡಿತು. ಉಗುರಿನಿಂದ ತಟ್ಟಿ ಕಿವಿಗೆ ಹಿಡಿದೆ, ಟಿಣ್ ಎಂದಿತು. ಕಪ್ಪು ಸಾಕೆಟ್ಟನ್ನು ತಟ್ಟಿದರೆ ಮೂಲೆಯಲ್ಲಿ ಕೂತ ಮುದುಕನಂತೆ ಹೂಂ ಎಂದಷ್ಟೇ ಹೇಳಿತು.

"ಕೈಲೆ ತಿರುಗ್ಸಾಕೇನ್ರಿ, ಗನ್ನಿಗೇನ್ರಿ?" ಎಂದು ಅಂಗಡಿಯವನು ಕೇಳಿದ.

"ಬೀಗರಿಗೆ" ಎಂದೆ.

ಅವನು ಮತ್ತೇನೂ ಕೇಳದೆ ಬಿಳಿಯದನ್ನು ಕಟ್ಟಿಕೊಟ್ಟ. ಈಗ ಯೋಚಿಸಿದರೆ ಅವನದು ಸರಿಯಾದ ಪ್ರಶ್ನೆ, ನನ್ನದು ಪೆದ್ದ ಉತ್ತರ. ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ನಮ್ಮ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುವ ಕೋಟ್ರೇಶಪ್ಪ ಇದ್ದಾನೆ. ಕರೆಂಟಿನ ಸೂಜಿಯಲ್ಲಿ ಅವನು ಕೊರೆದ ಅಕ್ಷರಗಳು ಹೊಸಪೇಟೆಯ ಅರ್ಧ ಅಡುಗೆಮನೆಗಳಲ್ಲಿವೆ. ಒಂದೊಂದು ಸಾಕೆಟ್ಟಿನ ಮೇಲೂ 'ಬೀಗರಿಗೆ ಪ್ರೀತಿಯಿಂದ' ಎಂದು ಬರೆಸಿ, ಕೆಳಗೆ ನನ್ನ ಹೆಸರನ್ನೂ ಹಾಕಿಸಿದೆ. ಸಣ್ಣವುಗಳ ಮೇಲೆ ಪ್ರೀತಿಗೆ ಜಾಗ ಸಾಲದೆ ಬರೀ ನನ್ನ ಹೆಸರು ಉಳಿಯಿತು.

ಪೂಜೆಯ ದಿನ ಎರ್ರಿಸ್ವಾಮಿಯವರು ಪೆಟ್ಟಿಗೆ ತೆರೆದು ಒಂದು ಸಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಂತೋಷಕ್ಕೆ ಕಣ್ಣು ಕೀಳಲಾಗುತ್ತಿಲ್ಲ ಎಂದುಕೊಂಡೆ. "ಇದರಲೇ ಮೊದಲ್ನೇ ನಟ್ಟು ಬಿಚ್ಚಿಬಿಡ್ರಿ ಬೀಗ್ರ, ಎಲ್ಲಾರೂ ನೋಡ್ಲಿ" ಎಂದವನೂ ನಾನೇ. ಅವರು ಮೂವತ್ತೆರಡು ಮಿಲಿಮೀಟರಿನ ಸಾಕೆಟ್ಟನ್ನು ಗನ್ನಿಗೆ ಹಾಕಿ, ಅದರ ಸುತ್ತ ತಮ್ಮ ಹೆಗಲ ಮೇಲಿನ ಟವಲನ್ನು ಸಡಿಲವಾಗಿ ಇಳಿಬಿಟ್ಟರು. "ನೀವು ನನ್ನ ಬೆನ್ನ ಹಿಂದ ನಿಂದ್ರಿ ಬೀಗ್ರ" ಎಂದರು. ಗನ್ ಟರ್ರ್ ಎಂದಿತು, ನಟ್ಟು ಬಿಚ್ಚಿತು, ಜನ ಚಪ್ಪಾಳೆ ತಟ್ಟಿದರು. ಹೊಸ ಉಡುಗೊರೆಗೆ ಅದಿರಿನ ಕೆಂಪು ಧೂಳು ತಾಗದಿರಲೆಂದು ಟವಲು ಸುತ್ತಿದರಲ್ಲ, ಎಂಥ ಮರ್ಯಾದಸ್ತರು ಎಂದು ದಾರಿಯುದ್ದಕ್ಕೂ ಹೆಂಡತಿಗೆ ಹೇಳಿದೆ.

ನಾಲ್ಕು ತಿಂಗಳು ನಾನು ಸುಖವಾಗಿದ್ದೆ. ಆಮೇಲೆ ಕಂಪ್ಲಿಯಿಂದ ಗಾದಿಲಿಂಗಪ್ಪ ಎಂಬ ಗಿರಾಕಿ ಬಂದ. ಭತ್ತದ ಲಾರಿಗಳ ಮೆಕ್ಯಾನಿಕ್. ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಕೊಡಲು ಕೊಡಪಾನ ಕೊಂಡು, ಕೋಟ್ರೇಶಪ್ಪ ಹೆಸರು ಕೊರೆಯುವವರೆಗೆ ಸ್ಟೂಲಿನ ಮೇಲೆ ಕೂತ. ಹುಬ್ಬಿನ ಮೇಲೆ ಅವನಿಗೊಂದು ಹೊಸ ಗಾಯದ ಗುರುತಿತ್ತು. ಏನಾಯಿತೆಂದು ಸುಮ್ಮನೆ ಕೇಳಿದೆ.

"ಸಾಕೆಟ್ ಸಿಡೀತ್ರಿ. ಗನ್ನಿಗೆ ಕರೇದು ಹಾಕಬೇಕ್ರಿ, ಅವಸರದಾಗ ಬಿಳೇದು ಹಾಕಿದ್ದೆ. ಸ್ವಲ್ಪ ಕೆಳಗ ಬಡದಿದ್ರ ಕಣ್ಣ ಹೋಗ್ತಿತ್ತು" ಎಂದ.

ಬಿಳಿಯದು ಅಷ್ಟು ಗಟ್ಟಿ ಇರುತ್ತದಲ್ಲ ಎಂದೆ. ಗಟ್ಟಿ ಇರುವುದೇ ತೊಂದರೆ ಎಂದು ಅವನು ವಿವರಿಸಿದ. ಕೈಯಲ್ಲಿ ತಿರುಗಿಸಲು ಬಿಳಿಯದು ಚೊಕ್ಕ. ಆದರೆ ಗನ್ ತಿರುಗಿಸುವುದಷ್ಟೇ ಅಲ್ಲ, ಒಳಗೊಳಗೇ ಸುತ್ತಿಗೆಯಂತೆ ಬಡಿಯುತ್ತದೆ. ಕಪ್ಪು ಸಾಕೆಟ್ಟಿನ ಗೋಡೆ ದಪ್ಪ, ಗುಣ ಮೆತ್ತಗೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಿಳಿಯದು ಬಗ್ಗುವುದಿಲ್ಲ, ಒಂದು ದಿನ ಹೇಳದೆ ಕೇಳದೆ ಚೂರಾಗುತ್ತದೆ. ಅವನು ಕೊಡಪಾನ ಎತ್ತಿಕೊಂಡು ಹೋದ ಮೇಲೂ ನಾನು ಹುಬ್ಬು ಮುಟ್ಟಿಕೊಳ್ಳುತ್ತ ಕೂತಿದ್ದೆ.

ಹಂಪಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಎರಡು ವಿಷಯ ತೋರಿಸುತ್ತೇನೆ. ಒಂದು, ತಟ್ಟಿದರೆ ನಾದ ಹೊಮ್ಮುವ ಕಂಬಗಳು. ಈಗ ಅವನ್ನು ಮುಟ್ಟುವಂತಿಲ್ಲ, ತಟ್ಟಿ ತಟ್ಟಿ ಜನ ಸವೆಸಿಬಿಟ್ಟಿದ್ದಾರೆ. ಇನ್ನೊಂದು, ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಗುಳಿಗಳು. ಹಿಂದಿನ ಕಲ್ಲುಕುಟಿಗರು ಅವುಗಳಲ್ಲಿ ಬೆಣೆ ಹೊಡೆದು, ಆನೆಯಷ್ಟು ದೊಡ್ಡ ಕಲ್ಲನ್ನು ಗೆರೆ ಎಳೆದಂತೆ ಸೀಳುತ್ತಿದ್ದರು. ಇಷ್ಟು ವರ್ಷ ಗೈಡಿನಂತೆ ಇದನ್ನು ಒಪ್ಪಿಸುತ್ತಿದ್ದ ನನಗೆ, ಗಟ್ಟಿಯಾದದ್ದೇ ನೇರವಾಗಿ ಒಡೆಯುತ್ತದೆ ಎಂಬುದು ತಲೆಗೆ ಹೋಗಿರಲಿಲ್ಲ. ನಮ್ಮ ಸೀಮೆಯವರಿಗೆ ತಟ್ಟಿ ಸದ್ದು ಕೇಳುವ ಚಟ, ಸದ್ದು ಚೆನ್ನಾಗಿದ್ದರೆ ಸಾಕು, ನಂಬಿಬಿಡುತ್ತೇವೆ.

ಕೂಡಲೇ ಸಂಡೂರಿಗೆ ಫೋನು ಮಾಡಿದೆ. "ಸಾಕೆಟ್ ಹೆಂಗದಾವ್ರಿ ಬೀಗ್ರ?" ಎಂದೆ.

"ಭಾಳ ಮಸ್ತ್ ಅದಾವ್ರಿ. ನೋಡಿದೋರೆಲ್ಲ ಕೇಳ್ತಾರ, ಎಲ್ಲಿ ತಂದೀರಿ ಅಂತ" ಎಂದರು. ಹಿಂದೆ ಗನ್ನಿನ ಸದ್ದು ಕೇಳಿಸುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ, "ಶೈಲಾ ಆರಾಮದಾಳೇನ್ರಿ?" ಎಂಬ ಮಾತು ಬಂತು.

ಆ ಎರಡು ದಿನಗಳ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ. ಒಂದು ಕಡೆ ಒಬ್ಬ ಮನುಷ್ಯನ ಕಣ್ಣು, ಇನ್ನೊಂದು ಕಡೆ ಉಕ್ಕಿನ ವ್ಯಾಪಾರಿಗೆ ಉಕ್ಕು ಗೊತ್ತಿಲ್ಲ ಎಂಬ ಅಪಹಾಸ್ಯ. ಎರಡು ದಿನ ನಾನು ಅಪಹಾಸ್ಯಕ್ಕೇ ಹೆಚ್ಚು ಹೆದರಿದೆ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಚೂರು ಕಾಣುತ್ತಿತ್ತು, ಆ ಚೂರಿನ ಮೇಲೆ ಕೋಟ್ರೇಶಪ್ಪನ ದುಂಡು ಅಕ್ಷರದಲ್ಲಿ ನನ್ನ ಹೆಸರಿರುತ್ತಿತ್ತು. ಬೇರೆಯವರ ಪಾಪಕ್ಕೆ ಸಾಕ್ಷಿ ಹುಡುಕಬೇಕಾಗುತ್ತದೆ, ನನ್ನದಕ್ಕೆ ನಾನೇ ದುಡ್ಡು ಕೊಟ್ಟು ಕೊರೆಸಿದ್ದೆ.

ನನ್ನ ಧೈರ್ಯ ಎಷ್ಟಿತ್ತೆಂದರೆ, ಹೇಳುವ ಬದಲು ಇನ್ನೊಂದು ಸೆಟ್ ಕೊಳ್ಳಲು ಹೋದೆ. ಈ ಸಲ ಹಾರ್ಡ್‌ವೇರಿನವನ ಮುಂದೆ ಶಿಷ್ಯನಂತೆ ಕೂತೆ. ಸಾಕೆಟ್ಟನ್ನು ಹೊರಗಿನಿಂದ ನೋಡಬಾರದು, ಒಳಗಿನಿಂದ ನೋಡಬೇಕು ಎಂದ ಅವನು. ಹನ್ನೆರಡು ಮೂಲೆಯದು ನಟ್ಟಿನ ಮೂಲೆಗಳನ್ನಷ್ಟೇ ಕಚ್ಚಿ ಸವೆಸುತ್ತದೆ, ಆರು ಮೂಲೆಯದು ಚಪ್ಪಟೆ ಬದಿಗಳನ್ನು ತಬ್ಬಿ ಹಿಡಿಯುತ್ತದೆ. ನಟ್ಟಿನ ಮೇಲೆ ಕೂತಾಗ ಅದು ಲೊಡಲೊಡ ಎನ್ನಬಾರದು. ಗನ್ನಿಗೆ ಹಾಕುವುದಾದರೆ ದಪ್ಪ ಗೋಡೆ ಬೇಕು, ಗನ್ನಿನಿಂದ ಹಾರಿಹೋಗದಂತೆ ಪಿನ್ನು ಹಾಕಲು ಪಕ್ಕದಲ್ಲೊಂದು ತೂತು ಬೇಕು. ತಟ್ಟಿ ನೋಡಬೇಕೇ ಎಂದು ಕೇಳಿದೆ. ಅವನು ನನ್ನನ್ನು ಮರುಕದಿಂದ ನೋಡಿದ. ಕಪ್ಪು ಸೆಟ್ಟನ್ನು ತಂದು ಗಲ್ಲಾದ ಕೆಳಗಿಟ್ಟು, ಯಾವ ನೆಪದಲ್ಲಿ ಕೊಡಲಿ ಎಂದು ಮತ್ತೆ ಯೋಚಿಸತೊಡಗಿದೆ.

ಮೂರನೆಯ ದಿನ ಬೆಳಿಗ್ಗೆ ಶೈಲಾ ಫೋನು ಮಾಡಿದಳು. "ಅಪ್ಪಾ, ಮಾವನ ಕಣ್ಣಿಗೆ ಚೂರು ಸಿಡಿದೈತಿ. ದವಾಖಾನಿಗೆ ಕರ್ಕೊಂಡು ಹೋಗ್ಯಾರ."

ಏನು ಚೂರು ಎಂದು ಕೇಳುವ ಧೈರ್ಯ ಬರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಸಂಡೂರಿನ ಬಸ್ಸು ಹತ್ತಿದೆ. ಬೆಟ್ಟಗಳ ನಡುವಿನ ಆ ದಾರಿಯಲ್ಲಿ ಎದುರಿಗೆ ಬಂದ ಪ್ರತಿ ಟಿಪ್ಪರಿನ ಚಕ್ರವೂ ಸಾಲು ಸಾಲು ನಟ್ಟುಗಳನ್ನು ತೋರಿಸುತ್ತ ಹೋಯಿತು. ಪೆಟ್ಟಿಗೆ ತೊಡೆಯ ಮೇಲೆ ಕುಲುಕುತ್ತಿತ್ತು, ನಾನೂ ಕುಲುಕುತ್ತಿದ್ದೆ. ಎಲ್ಲ ದೇವರಿಗೂ ಹರಕೆ ಹೊತ್ತೆ. ಆ ಕಣ್ಣೊಂದು ಉಳಿದರೆ ಇನ್ನು ಮೇಲೆ ಉಪ್ಪು ಹೆಚ್ಚಾದರೆ ಹೆಚ್ಚಾಗಿದೆ ಎಂದೇ ಹೇಳುತ್ತೇನೆ ಎಂದುಕೊಂಡೆ.

ಎರ್ರಿಸ್ವಾಮಿಯವರು ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕಣ್ಣಿಗೆ ಬಿಳಿ ಪಟ್ಟಿ. "ಬರ್ರಿ ಬೀಗ್ರ, ಕುಂದ್ರಿ" ಎಂದರು. ಕೂರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟೆ: ಹೊಳಪು ನೋಡಿ ಕೊಂಡದ್ದು, ಗನ್ನಿಗೆ ಹಾಕಬಾರದೆಂದು ಗೊತ್ತಾದದ್ದು, ಗೊತ್ತಾಗಿಯೂ ಎರಡು ದಿನ ಹೇಳದೆ ಕೂತದ್ದು.

ಅವರು ತಾಳ್ಮೆಯಿಂದ ಕೇಳಿದರು. "ಸಾಕೆಟ್ ಅಲ್ರಿ ಇದು. ಲಾರಿ ಸ್ಪ್ರಿಂಗ್ ಪಟ್ಟಿ ಬಡಿಯೂವಾಗ ತುಕ್ಕು ಸಿಡೀತು. ಡಾಕ್ಟ್ರು ತಗದ್ರು, ನಾಳೆ ಕಣ್ಣಿನ ಪಟ್ಟಿ ಬಿಚ್ಚತಾರ" ಎಂದರು. "ನಿಮ್ಮವು ಮನಿ ಶೋಕೇಸಿನಾಗ ಅದಾವು."

ಆಗ ಕುರ್ಚಿ ಎಳೆದುಕೊಂಡು ಕೂತು, ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತೇ ಎಂದೆ.

"ಪೆಟ್ಟಿಗಿ ತಗದ ಕೂಡ್ಲೆ ಗೊತ್ತಾತ್ರಿ. ಅವತ್ತು ಟವಲ್ ಯಾಕ ಸುತ್ತಿದ್ದೆ ಅಂದ್ಕೊಂಡೀರಿ? ಮೂವತ್ತು ವರ್ಷದ ಕೆಲಸದಾಗ ಅಷ್ಟು ಅಂಜಿಕಿ ಎಂದೂ ಆಗಿದ್ದಿಲ್ಲ. ಎಲ್ಲಾರ ಮುಂದ ನಿಮಗ ಹೆಂಗ ಬ್ಯಾಡ ಅನ್ಲಿ?"

ನೀವು ನನ್ನ ಬೆನ್ನ ಹಿಂದ ನಿಂದ್ರಿ ಎಂದದ್ದು ನೆನಪಾಯಿತು. ನಾನು ಮರ್ಯಾದೆ ಎಂದುಕೊಂಡದ್ದು ಮರ್ಯಾದೆಯೇ, ಆದರೆ ಅದರ ಇನ್ನೊಂದು ಬದಿಯಲ್ಲಿ ಅವರ ಎರಡೂ ಕಣ್ಣುಗಳಿದ್ದವು. ನನ್ನ ಮುಖ ಉಳಿಸಲು ಅವರು ತಮ್ಮ ಮುಖ ಒಡ್ಡಿದ್ದರು. ಕಪ್ಪು ಸಾಕೆಟ್ಟುಗಳ ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಅವರು ಒಂದನ್ನು ಎತ್ತಿ ಒಳಗೆ ಬೆರಳಾಡಿಸಿ, "ಹೆಸ್ರು ಹಾಕ್ಸಿಲ್ಲೇನ್ರಿ?" ಎಂದು ನಕ್ಕರು. ಅದನ್ನು ಗನ್ನಿಗೆ ಹಾಕಿ, ಪಿನ್ನು ತೂರಿಸಿ, ನನ್ನ ಮೂಗಿನ ಮೇಲೆ ತಮ್ಮ ಕನ್ನಡಕ ಏರಿಸಿ, ಗನ್ ನನ್ನ ಕೈಗಿತ್ತರು. ಈ ಸಲ ನನ್ನ ಪಕ್ಕದಲ್ಲೇ ನಿಂತರು. ಶೆಡ್ಡಿನಲ್ಲಿ ನಿಂತಿದ್ದ ಲಾರಿಯ ಚಕ್ರಕ್ಕೆ ಹಿಡಿದು ಗುಂಡಿ ಒತ್ತಿದೆ. ಭುಜದವರೆಗೆ ನಡುಕ ಏರಿತು, ನಟ್ಟು ಬಿಚ್ಚಿ ಕೆಳಗೆ ಬಿತ್ತು.

"ಅಂಜಿಕಿ ಆತೇನ್ರಿ?"

"ಭಾಳ ಆತ್ರಿ" ಎಂದೆ.

ಅಷ್ಟರಲ್ಲಿ ಮನೆಯಿಂದ ಬೀಗತಿ ಕಳಿಸಿದ ಚಹಾ ಬಂತು. ಒಂದು ಗುಟುಕು ಕುಡಿದೆ. ಬಸ್ಸಿನಲ್ಲಿ ಹೊತ್ತ ಹರಕೆ ನೆನಪಾಗಿ, ಲೋಟ ಕೆಳಗಿಟ್ಟು, ಮೂರು ವರ್ಷದ ಮಾತನ್ನು ಹೊರಗೆ ತೆಗೆದೆ. "ಸಕ್ರಿ ಭಾಳ ಆಗೈತ್ರಿ ಬೀಗ್ರ."

ಅವರು ಪಟ್ಟಿಯಿಲ್ಲದ ಕಣ್ಣಿನಿಂದ ನನ್ನನ್ನು ನೋಡಿದರು, ಆಮೇಲೆ ಮನೆಯ ಬಾಗಿಲ ಕಡೆ ನೋಡಿದರು, ದನಿ ತಗ್ಗಿಸಿದರು.

"ಮೆಲ್ಲಕ ಅನ್ರಿ. ನಾ ಮೂವತ್ತು ವರ್ಷದಿಂದ ಹೇಳ್ಬೇಕಂತ ಅದೀನಿ."

ಹೇಳಿ, ಲೋಟ ಎತ್ತಿ ಪೂರ್ತಿ ಕುಡಿದರು.