ಹುರುಳಿ ಹಾಸಿದ ತಾರು ರಸ್ತೆ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ. ಅದು ಹೋದ ಮೊದಲ ಭಾನುವಾರವೇ ನಾನು ಸೈಕಲ್ ಹತ್ತಿ ಅಜ್ಜಂಪುರದಿಂದ ತರೀಕೆರೆಗೆ ಹೊರಡುತ್ತಿದ್ದೆ. ಕೆಲಸವೇನೂ ಇಲ್ಲ. ಹೊಂಗೆಯ ಚಿಗುರು ನೋಡುತ್ತಾ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು ವಾಪಸ್ಸು ಬರುವುದು, ಅಷ್ಟೇ. "ಸೋಮವಾರ ಎತ್ತಿಗೂ ನೊಗ ಇಡಲ್ಲ. ಭಾನುವಾರನಾದ್ರೂ ನಿಮ್ ಕಾಲಿಗೆ ರಜ ಕೊಡ್ರೀ" ಎಂದು ಹೆಂಡತಿ ಬೈಯುತ್ತಿದ್ದಳು.

ಎಂಬತ್ತರ ದಶಕದ ಮೊದಲಲ್ಲಿ ಒಂದು ವರ್ಷ ಈ ಸುಖಕ್ಕೆ ಕಲ್ಲು ಬಿತ್ತು. ನಮ್ಮ ಕಡೆಯ ರೈತರಿಗೆ ತಾರು ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ತಂದು ರಸ್ತೆ ತುಂಬ ಹಾಸಿಬಿಡುತ್ತಾರೆ. ಬಸ್ಸು ಲಾರಿ ಅದರ ಮೇಲೆ ಹರಿದರೆ ಪುಕ್ಕಟೆ ಒಕ್ಕಣೆ. ಸೈಕಲ್ಲಿನವನು ಹಾಳಾಗಿ ಹೋಗಲಿ! ಬಳ್ಳಿ ಚೈನಿಗೆ ಸುತ್ತಿಕೊಂಡು, ಒಂದು ಇಳಿಜಾರಿನಲ್ಲಿ ನಾನು ಮುಖ ಅಡಿಯಾಗಿ ಬಿದ್ದೆ. ಮುಂದಿನ ಹಲ್ಲು ಮುರಿದು ಬಾಯಿ ತುಂಬ ರಕ್ತ. ಕವೆಗೋಲಿನಲ್ಲಿ ಹುರುಳಿ ತಿರುವುತ್ತಿದ್ದವನು ಓಡಿ ಬಂದ.

"ನೋಡ್ಕಂಡ್ ಬರಬಾರ್ದೇನ್ರೀ? ಕಾಳೆಲ್ಲ ರಕ್ತ ಆಯ್ತಲ್ಲ!"

ನನ್ನ ಹಲ್ಲಿಗಿಂತ ಇವನಿಗೆ ಕಾಳು ಹೆಚ್ಚಾಯಿತೇ? ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಸೈಕಲ್ಲಿನ ಪಂಪು ಕಿತ್ತು ಅವನ ಎಡಗಿವಿಯ ಮೇಲೆ ಬಾರಿಸಿದೆ. ಒಂದಲ್ಲ, ಮೂರು ಏಟು. ಅವನು ಕಿವಿ ಹಿಡಿದು ಕುಸಿದ. ಬೆರಳ ಸಂದಿಯಿಂದ ರಕ್ತ ಇಳಿಯಿತು. ಅಷ್ಟರಲ್ಲಿ ಅವನ ತಮ್ಮ ಹಿಂದಿನಿಂದ ಬಂದು, ಬಿದ್ದಿದ್ದ ಕವೆಗೋಲು ಎತ್ತಿ ನನ್ನ ಮೊಣಕಾಲು ಮುರಿದ.

ಆ ವರ್ಷವೆಲ್ಲ ಮಂಚ, ಎಣ್ಣೆ, ಊರುಗೋಲು. ಕಾಲು ಕೂಡಿದರೆ ಮೊದಲು ಅದೇ ರಸ್ತೆಗೆ ಹೋಗಿ ಆ ಅಣ್ಣತಮ್ಮಂದಿರನ್ನು ವಿಚಾರಿಸಿಕೊಳ್ಳಬೇಕು ಎಂಬುದೊಂದೇ ಯೋಚನೆ. ಕಾಲಿಗಿಂತ ಬೇಗ ಸಿಟ್ಟು ಬಲಿಯಿತು.

ಮರುವರ್ಷ ಶಿವರಾತ್ರಿ ಕಳೆದ ಮೇಲೆ ಸೈಕಲ್ ಹೊರಗೆ ತೆಗೆದೆ. ಹಿಂದಿನ ಚಕ್ರ ಸಣ್ಣಗೆ ಗಾಳಿ ಬಿಡುತ್ತಿತ್ತು. ನಾನು ಪಂಪು ಬಿಗಿಯುವುದನ್ನೇ ಹೆಂಡತಿ ನೋಡುತ್ತಿದ್ದಳು.

"ಗಾಳಿ ಹೊಡ್ಯಕ್ಕೇ ತಾನೇ?"

"ಇನ್ಯಾತಕ್ಕೆ ಕಣೇ?" ಎಂದೆ. ಅದು ಸುಳ್ಳು.

ಮೊದಲ ಮೈಲಿಯಲ್ಲಿ ಮೊಣಕಾಲು ಕಟಕಟ ಎಂದಿತು. ಆಮೇಲೆ ಗಾಳಿ ಮುಖಕ್ಕೆ ಬಡಿಯಿತು ನೋಡಿ, ಅಬ್ಬಾ, ಎಷ್ಟು ಸುಖ! ಮಾವು ಹೂ ಬಿಟ್ಟಿತ್ತು. ದೂರದಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟ ನೀಲಿಯಾಗಿತ್ತು. ಮನುಷ್ಯನಿಗೆ ಎರಡು ಚಕ್ರ, ಒಂದು ರಸ್ತೆ ಸಾಕಲ್ಲ, ಈ ಹೊಡೆದಾಟವೆಲ್ಲ ಯಾಕೆ ಅನ್ನಿಸಿತು. ಅನ್ನಿಸಿದ್ದು ಆ ಇಳಿಜಾರು ಬರುವವರೆಗೆ. ಅಲ್ಲಿ ಮತ್ತೆ ಹುರುಳಿ ಹಾಸಿತ್ತು. ನಡುವೆ ನನ್ನಿಂದ ಏಟು ತಿಂದಿದ್ದ ಅಣ್ಣನೊಬ್ಬನೇ ನಿಂತು ಕವೆಗೋಲಿನಲ್ಲಿ ತಿರುವುತ್ತಿದ್ದ.

ಇಳಿದು ಪಂಪಿನ ಮೇಲೆ ಕೈ ಇಟ್ಟೆ. ಆಗ ಅವನ ಹಿಂದಿನಿಂದ ಒಂದು ಲಾರಿ ಹಾರನ್ ಹೊಡೆಯುತ್ತಾ ಬಂತು. ಅವನಿಗೆ ಕೇಳಿಸಿತು, ಆದರೆ ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ಕತ್ತು ಅತ್ತಿತ್ತ ಹೊರಳಿಸಿ ಲಾರಿಗೆ ಅಡ್ಡವಾಗಿಯೇ ಹಾರಿದ. ಡ್ರೈವರ್ ಬ್ರೇಕ್ ಹಾಕಿದರೂ ಲಾರಿ ಹುರುಳಿಯ ಮೇಲೆ ಜಾರುತ್ತಲೇ ಬಂತು. ಸೈಕಲ್ ಬಿಸಾಡಿ ಓಡಿ, ಅವನ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಚರಂಡಿಗೆ ಬಿದ್ದೆವು. ಕವೆಗೋಲು ಚಕ್ರದಡಿ ಲಟಲಟನೆ ಮುರಿಯಿತು.

"ಸಾಯಕ್ಕೆ ನನ್ ಗಾಡೀನೇ ಬೇಕಿತ್ತೇನ್ಲೇ?" ಎಂದು ಬೈದು ಡ್ರೈವರ್ ಹೋದ.

ಅವನು ಎದ್ದು ನನ್ನ ಮುಖ ನೋಡಿದ. ಮುರಿದ ಹಲ್ಲು ನೋಡಿದ. ಗುರುತು ಸಿಕ್ಕಿತು. ಎರಡೂ ಕೈಯಿಂದ ಬಲಗಿವಿ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದ.

"ಒಂದ್ ಕಿವಿ ಹೋದ್ ವರ್ಷನೇ ತಗಂಡ್ರಲ್ಲ ಸ್ವಾಮಿ. ಇದೊಂದ್ ಬಿಟ್ಬಿಡಿ."

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಸೈಕಲ್ ಎತ್ತಿದೆ. ಹಿಂದಿನ ಚಕ್ರದಲ್ಲಿ ಗಾಳಿಯೇ ಇರಲಿಲ್ಲ. ಅವನ ಕಣ್ಣು ಪಂಪಿನ ಮೇಲೆಯೇ ಇತ್ತು. ಅದನ್ನು ಮುಟ್ಟದೆ, ತರೀಕೆರೆಯವರೆಗೂ ಸೈಕಲ್ ತಳ್ಳಿಕೊಂಡೇ ಹೋದೆ.