"ಸೊಪ್ಪು ಬಂತಾ?" ಅಂದಾಗ ನಗದಿದ್ದವರು

ಮೊನ್ನೆ ಬಸ್ಸಾರಿಗೆ ಅಂತ ದಂಟಿನ ಸೊಪ್ಪು ಬೇಯಕ್ಕಿಟ್ಟಿದ್ದೆ. ಅದರ ವಾಸನೆ ಮನೆ ತುಂಬ ಹರಡಿದ್ದೇ ತಡ, ಎದುರುಮನೆ ಪೊಲೀಸ್ ಮಾವ ನೆನಪಾಗಿ ಕಣ್ಣು ತುಂಬಿ ಬಂತು. ಸೊಪ್ಪಿಗೂ ಪೊಲೀಸರಿಗೂ ಎಲ್ಲಿಂದೆಲ್ಲಿಗೆ ನಂಟು ಅಂತೀರಾ? ಹೇಳ್ತೀನಿ ಕೇಳಿ.

ನಾವಾಗ ತುಮಕೂರಿನ ಸದಾಶಿವನಗರದಲ್ಲಿದ್ವಿ. ಮಾವ ಅಂದ್ರೆ ಸಂಬಂಧ ಏನಲ್ಲ, ಗುಬ್ಬಿ ಕಡೆಯವರು, ಸಬ್ ಇನ್ಸ್‌ಪೆಕ್ಟರು. ಮೀಸೆ ನೋಡಿದ್ರೆ ಭಯ ಆಗ್ಬೇಕು, ಮಾತು ಕೇಳಿದ್ರೆ ಪ್ರೈಮರಿ ಸ್ಕೂಲ್ ಮೇಷ್ಟ್ರು ಅನ್ನಿಸ್ಬೇಕು, ಹಂಗಿದ್ರು. ಭಾನುವಾರ ನಮ್ಮನೆ ಜಗಲಿಗೆ ಬಂದು ಕೂತ್ರೆ ಅಮ್ಮನ ಕಾಫಿ ಕುಡೀದೆ ಏಳ್ತಿರಲಿಲ್ಲ. ಸಕ್ಕರೆ ಕಾಯಿಲೆ ಇದ್ರೂ "ಇನ್ನೊಂದು ಚಮಚ ಹಾಕಮ್ಮ" ಅಂತ ಪಿಸುಗುಟ್ಟೋರು, ಎದುರುಮನೇಲಿದ್ದ ಅವರ ಹೆಂಡತಿಗೆ ಕೇಳಿಸದ ಹಾಗೆ.

ಅಂಥದ್ದೇ ಒಂದು ಭಾನುವಾರ. ಡಿಗ್ರಿ ಓದ್ತಿದ್ದ ನನ್ನ ತಮ್ಮ ಸ್ನಾನಕ್ಕೆ ಹೋಗಿದ್ದ, ಅವನ ಫೋನು ಬಡ್ಕೊಳ್ತಿತ್ತು. ಅಮ್ಮನೇ ಎತ್ತಿ ಸ್ಪೀಕರ್ ಹಾಕಿದ್ಲು. ಕಿವಿಗಿಟ್ಕೊಂಡು ಮಾತಾಡೋ ಅಭ್ಯಾಸವೇ ಇಲ್ಲ ಅವಳಿಗೆ. ಆ ಕಡೆಯಿಂದ ಯಾವನೋ, "ಏನ್ಲಾ, ಸೊಪ್ಪು ಬಂತಾ?" ಅಂದ.

ಅಮ್ಮ ಸಲೀಸಾಗಿ, "ಬಂದೈತೆ ಕಣಪ್ಪ, ಹೆಬ್ಬೂರಿಂದ ನಮ್ಮಕ್ಕ ಕಳಿಸವ್ಳೆ. ದಂಟೂ ಐತೆ, ಸಬ್ಬಸಿಗೇನೂ ಐತೆ. ನಿಮ್ಮಮ್ಮಂಗೆ ಎಷ್ಟು ಕಟ್ಟು ಬೇಕಂತೆ?" ಅಂದುಬಿಟ್ಲು. ಫೋನು ಕಟ್ ಆಯ್ತು. ಅಪ್ಪ ಬಿದ್ದು ಬಿದ್ದು ನಕ್ರು, ನಾನೂ ನಕ್ಕೆ. ಮಾವ ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟು, "ಅಮ್ಮ, ಈ ಹುಡುಗ್ರು ಸೊಪ್ಪು ಅನ್ನೋದು ಗಾಂಜಾಗೆ" ಅಂದ್ರು...

ತಲೆ ಒರೆಸ್ಕೊಂಡು ಬಂದ ತಮ್ಮ ನಮ್ಮ ಮುಖ ನೋಡಿದ್ದೇ ಕುಸಿದು ಕೂತ. ಅಳ್ತಾ ಅಳ್ತಾ ಎಲ್ಲ ಕಕ್ಕಿದ. ಮೊದಮೊದಲು ಸೇದೋಕೆ ಪುಕ್ಕಟೆ ಕೊಟ್ಟವನೇ ಆಮೇಲೆ ಇವನ್ನ ಕೆಲಸಕ್ಕೆ ಹಚ್ಚಿದ್ದ. ಪಕ್ಕದ ರಾಜ್ಯದಿಂದ ಲಾರೀಲಿ ಬರೋ ಮೂಟೆ ಕೋರದ ಹತ್ರ ಹೈವೇಲಿ ಇಳೀತಿತ್ತು. ಅದರಲ್ಲಿ ಒಂದು ಪಾಲನ್ನ ಬೈಕಲ್ಲಿ ಕುಣಿಗಲ್‌ಗೆ ಮುಟ್ಟಿಸೋದು ಇವನ ಕೆಲಸ. ಅಯ್ಯೋ ದೇವರೇ, ಮಗ ಕಾಲೇಜಿಗೆ ಹೋಗ್ತಾನೆ ಅಂತ ಅಮ್ಮ ಚಿತ್ರಾನ್ನ ಕಟ್ಟಿ ಕಳಿಸ್ತಿದ್ಲಲ್ಲ!

ಅಪ್ಪ ಕೈಮುಗಿದ್ರು. "ಸಾ, ನೀವು ಏನೂ ಕೇಳಿಸ್ಕೊಂಡಿಲ್ಲ ಅಂದ್ಕೊಂಬುಡಿ. ಇವನ್ನ ಇವತ್ತೇ ಹೆಬ್ಬೂರಿಗೆ ಕಳಿಸ್ಬುಡ್ತೀನಿ."

"ಇವನ್ನ ಬಚ್ಚಿಟ್ರೆ ನಾಳೆ ಆ ಬೈಕಿಗೆ ಇನ್ನೊಬ್ರ ಮನೆ ಮಗ ಹತ್ತುತಾನೆ" ಅಂದ್ರು ಮಾವ. "ನಿಮ್ಮ ಹುಡುಗನ್ನ ಉಳಿಸ್ತೀನಿ. ವಿಷಯ ಮುಚ್ಚಲ್ಲ."

ಹಿಡಿದ ಗಾಂಜಾ ಮೂಟೆ ಮುಂದಿಟ್ಕೊಂಡು ಫೋಟೋ ತೆಗೆಸ್ಕೊಳ್ಳೋದು ಸರ್ಕಾರದ ಕೆಲಸ ಅಲ್ಲ ಅಂತ ಅವರು ಯಾವಾಗಲೂ ರೇಗೋರು. ಸೇದೋನು ರೋಗಿ, ಅವನಿಗೆ ಆಸ್ಪತ್ರೆ. ಹೊರೋನು ನಿಜ ಹೇಳಿದ್ರೆ ಅವನಿಗೆ ರಕ್ಷಣೆ. ಜೈಲು, ಆಸ್ತಿ ಜಪ್ತಿ ಎಲ್ಲ ಲಾರಿ ತುಂಬಿಸಿದೋನಿಗೆ. ಗಡಿ ಹತ್ರ ಬಂದು ಇಲ್ಲಿಗೆ ನಮ್ಮದು ಮುಗೀತು, ಮುಂದಿಂದು ನಿಮ್ಮದು ಅಂತ ಎರಡು ರಾಜ್ಯದವರೂ ಕೈ ಕಟ್ಕೊಂಡು ನಿಂತ್ರೆ ಲಾರಿ ನಿಲ್ಲುತ್ತಾ ಅಂತ ಕೇಳೋರು.

ಸ್ಟೇಷನ್ನಿಗೆ ತಾವೇ ಕರ್ಕೊಂಡು ಹೋದ್ರು. ತಮ್ಮನ ಹೇಳಿಕೆ ಆಯ್ತು. ಚಟ ಬಿಡಿಸೋ ಆಸ್ಪತ್ರೆಗೂ ತಾವೇ ಸೇರಿಸಿದ್ರು. ಅಲ್ಲಿ ಅವನು ಗಾಂಜಾ ಸಿಗದ ಸಿಟ್ಟಿಗೆ ಮಾವನಿಗೆ ಬಾಯಿಗೆ ಬಂದ ಹಾಗೆ ಬೈದ. ಮಾವ ಕಿತ್ತಳೆ ಸುಲಿದು ಅವನ ಕೈಗಿಟ್ರು. ಮನೆಯವರಾದ ನಮಗೇ ಅಷ್ಟು ತಾಳ್ಮೆ ಇರಲಿಲ್ಲ.

ತಮ್ಮ ಹೇಳಿದ ಹೆಸರು ಸಣ್ಣದಲ್ಲ. ಸಭೆ ಸಮಾರಂಭದಲ್ಲಿ ಹಾರ ಹಾಕಿಸ್ಕೊಳ್ತಿದ್ದ ಮನುಷ್ಯ. ಅವನು ಅರೆಸ್ಟ್ ಆದ ಸ್ವಲ್ಪ ದಿನಕ್ಕೇ ಮಾವನಿಗೆ ಎತ್ತಂಗಡಿ. ಸಾಮಾನು ಲಾರಿಗೆ ಏರ್ತಿದ್ರೆ ಅಮ್ಮ ಸೆರಗು ಬಾಯಿಗಿಟ್ಕೊಂಡು ಅತ್ಲು. "ಅಳ್ಬೇಡಮ್ಮ, ಹವಾ ಬದಲಾವಣೆ ಅಷ್ಟೇ ಬುಡು" ಅಂತ ನಕ್ರು ಪುಣ್ಯಾತ್ಮ. ನನಗಂತೂ ಮೈಯೆಲ್ಲ ಉರಿದುಹೋಗಿತ್ತು.

ನಿಜ ಹೇಳಿದ್ದಕ್ಕೆ ಕೋರ್ಟು ತಮ್ಮನನ್ನ ಮಾಫಿ ಸಾಕ್ಷಿ ಮಾಡ್ಕೊಂಡಿತ್ತು. ಕೇಸು ಎಳೀತಾ ಹೋಯ್ತು. ಸಾಕ್ಷಿ ಹೇಳೋ ಕಾಲ ಹತ್ರ ಬಂದಾಗ ಬೆದರಿಕೆ ಕರೆ ಶುರುವಾದ್ವು. ತಮ್ಮ ನಿಜ ಹೇಳದಿದ್ರೆ ಆ ಮನುಷ್ಯ ಆರಾಮಾಗಿ ಹೊರಗೆ ಬರ್ತಿದ್ದ. ತಮ್ಮನೋ ಊಟ ಬಿಟ್ಟ, ಕೋರ್ಟಿಗೆ ಬರೋದೇ ಇಲ್ಲ ಅಂತ ಕೂತ. ಮಾವ ಫೋನ್ ಮಾಡಿದ್ರು. "ನನ್ನ ಮುಖ ನೋಡಿ ಹೇಳ್ಬೇಡ ಕಣೋ. ಆ ಬೈಕ್ ಹತ್ತೋ ಇನ್ನೊಬ್ಬ ಹುಡುಗನ್ನ ನೆನೆಸ್ಕೊಂಡು ಹೇಳು. ಆವತ್ತು ನಾನೂ ಬರ್ತೀನಿ."

ಬರಲಿಲ್ಲ... ಅದಕ್ಕೆ ಮುಂಚೆಯೇ ಡ್ಯೂಟಿ ಮೇಲಿದ್ದಾಗ ಎದೆ ಹಿಡ್ಕೊಂಡು ಕೂತವರು ಮತ್ತೆ ಏಳಲಿಲ್ಲ.

ಹೋದ ತಿಂಗಳು ತುಮಕೂರಿನ ಕೋರ್ಟಲ್ಲಿ ತಮ್ಮ ಕಟಕಟೆ ಹತ್ತಿದ. ಆ ಕಡೆ ವಕೀಲರು, "ಇದೆಲ್ಲ ಆ ಇನ್ಸ್‌ಪೆಕ್ಟರು ಹೇಳ್ಕೊಟ್ಟಿದ್ದು ತಾನೇ?" ಅಂತ ಕೊಂಕಾಗಿ ಕೇಳಿದ್ರು. "ಅವರು ಈಗಿಲ್ಲ ಸ್ವಾಮಿ. ನಾನೇ ಹೇಳ್ತಿದೀನಿ" ಅಂದ ತಮ್ಮ, ಆ ಹೆಸರನ್ನ ಎಲ್ರಿಗೂ ಕೇಳಿಸೋ ಹಾಗೆ ಹೇಳಿದ.

ತೀರ್ಪು ಇನ್ನೂ ಬಂದಿಲ್ಲ. ಆವತ್ತು ಹೊರಗೆ ಬಂದವನೇ ಮಾವನ ಹೆಂಡತಿಗೆ ಫೋನ್ ಮಾಡಿದ. ಅವರೇ ಆ ಕಡೆಯಿಂದ, "ಹೇಳಿದೆಯೇನೋ ಮಗ?" ಅಂದ್ರು.

"ಹೇಳಿದೆ ಅತ್ತೆ."

ಆಮೇಲೆ ಇಬ್ಬರೂ ಅತ್ರು. ಪಕ್ಕದಲ್ಲಿ ನಿಂತಿದ್ದ ನಾನೂ ಕಣ್ಣೊರೆಸ್ಕೊಂಡೆ. ಮಾವ ಇರಬೇಕಿತ್ತು.