ಹಲ್ಲೆಣಿಸುವ ಹಂಪಯ್ಯನ ತಕರಾರು

ಸಿರುಗುಪ್ಪ ಸೀಮೆಯ ಕಲ್ಲು ಎಳೆಯುವ ಪಂದ್ಯಗಳಲ್ಲಿ ಎತ್ತುಗಳ ಹಲ್ಲೆಣಿಸಿ ವಯಸ್ಸು ಹಿಡಿದು, ಯಾವುದಕ್ಕೆ ಯಾವುದು ಸರಿಸಾಟಿ ಎಂದು ಹೇಳುವವನು ಕುರುಗೋಡಿನ ಹಂಪಯ್ಯ. ಅಂಥವನನ್ನು ಬಳ್ಳಾರಿಯ ರೋಬೋ ಕಾಳಗದ ವಿಡಿಯೋ ಗೇಮ್ ಫೈನಲ್‌ಗೆ ಕರೆತಂದದ್ದೇ ಮಗಳು ನಂದಿನಿ ಮಾಡಿದ ತಪ್ಪು. ಪರದೆಯ ಮೇಲೆ ಆನೆಯಂಥ ರೋಬೋ ಆಡಿನಂಥದ್ದನ್ನು ತುಳಿಯುತ್ತಿತ್ತು.

"ಆ ಸಣ್ಣದು ಕಾಲು ಮುರದ್ರೂ ಜಿಗಿಯಾಕ ಹತ್ತೈತಲ್ರಿ! ಎರಡು ಹಲ್ಲಿನ ಕರಕ್ಕ ಬಲಿತ ಎತ್ತು ಜೋಡಿ ಏನ್ರಿ? ನಿಲ್ಲಸ್ರಿ!" ಎಂದು ಹಂಪಯ್ಯ ಎದ್ದೇಬಿಟ್ಟ.

"ಅಪ್ಪಾ, ಸುಮ್ನ ಕುಂದರು. ಆ ದೊಡ್ಡದು ನಂದು," ಎಂದು ಪಕ್ಕದಲ್ಲೇ ಕಂಟ್ರೋಲರ್ ಒತ್ತುತ್ತಿದ್ದ ನಂದಿನಿ ಪಿಸುಗುಟ್ಟಿದಳು.

ಹಂಪಯ್ಯ ಪರದೆಯತ್ತ ಬೆರಳು ಮಾಡಿದ. "ಹಂಗಾದ್ರ ನಿಂದನ್ನ ಹೊರಗ ಹಾಕಬೇಕು ನೋಡವ್ವ."

ನಡೆಸುವವರು ತೂಕದ ನಿಯಮ ತೆಗೆದು ನೋಡಿದರೆ ನಂದಿನಿಯ ರೋಬೋ ಮಿತಿ ಮೀರಿತ್ತು, ಅವನ ಮಾತೇ ಖರೆ. ಟ್ರೋಫಿ ಎದುರಾಳಿಗೆ ಹೋಯಿತು. ಕುರುಗೋಡಿನ ಬಸ್ಸಿನಲ್ಲಿ ನಂದಿನಿ ಅಪ್ಪನ ಪಕ್ಕದ ಸೀಟು ಖಾಲಿ ಬಿಟ್ಟು ನಿಂತೇ ಬಂದಳು.